ಕೈಚೀಲದ ತೆಂಗಿನಕಾಯಿ

ಡಿಯಾನಿ, ಕೀನ್ಯಾ
ಜೂನ್ ೧೪, ೨೦೨೫

ಬನಹಟ್ಟಿಯ ಸೌಭಾಗ್ಯವತಿ ಲಕ್ಷ್ಮವ್ವ ವೈನಿಯವರಿಗೆ ನಾದಿನಿ ಮಧುಮತಿಯ ಪ್ರೀತಿಪೂರ್ವಕ ನಮಸ್ಕಾರಗಳು.

ಪತ್ರದಲ್ಲಿ ಮೊದಲು ಕ್ಷೇಮ ವಿಚಾರಿಸಬೇಕು, ಸಮಾಚಾರ ಆಮೇಲೆ ಬರಬೇಕು ಎಂದು ನಮ್ಮೂರ ಹೆಣ್ಣುಮಕ್ಕಳ ಶಾಲೆಯಲ್ಲಿ ತಾಯಂದಿರಿಗೂ ಅವರ ಹೆಣ್ಣುಮಕ್ಕಳಿಗೂ ಕಲಿಸಿದವಳು ನಾನು. ಇಂದು ಆ ನಿಯಮವನ್ನು ನಾನೇ ಮುರಿಯುತ್ತಿದ್ದೇನೆ. ನಿಮ್ಮ ಮಗ ರಾಜಕುಮಾರ ನನ್ನನ್ನು ನೋಡಿಕೊಂಡು ಊರಿಗೆ ಮರಳಿ ನಿಮ್ಮೆಲ್ಲರ ಎದುರು ಹೇಳಿದ ವೃತ್ತಾಂತವನ್ನು ತಿದ್ದದ ಹೊರತು ಮುಂದಿನ ಸಾಲು ಬರೆಯಲು ನನ್ನ ಕೈ ಒಪ್ಪುತ್ತಿಲ್ಲ. ಅಣ್ಣ ಅದನ್ನು ಫೋನಿನಲ್ಲಿ ನನಗೇ ಒಪ್ಪಿಸಿದ: "ಅತ್ತಿ ಸಮುದ್ರದಾಗ ಬಿದ್ದಿದ್ಲು, ಹತ್ರ ಯಾರೂ ಇರಲಿಲ್ಲ, ಆಮ್ಯಾಲ ಯಾರೋ ನೀರಿನ ಗಾಡಿ ಮ್ಯಾಲ ಹೇರಿಕೊಂಡು ತಂದ್ರು, ಬಾಜೂ ಮನಿ ಹೆಂಗಸು ಸೈತ ಜಗಳಾಡಿ ಎದ್ದು ಹ್ವಾದ್ಲು." ಹುಡುಗ ಸುಳ್ಳುಗಾರನಲ್ಲ, ಅವಸರದವನು; ಅವನ ಉತ್ತರಪತ್ರಿಕೆಗಳೂ ಹೀಗೆಯೇ ಇರುತ್ತಿದ್ದವು. ನಾನು ಬಿದ್ದದ್ದು ಸಮುದ್ರದಲ್ಲಲ್ಲ, ಸಮುದ್ರ ಹಿಂದೆ ಸರಿದಾಗ ಬರಿದಾಗುವ ಹವಳದ ಬಂಡೆಯ ಮೇಲೆ. ಹೇರುವುದು ಕಬ್ಬನ್ನು, ನನ್ನನ್ನು ಗಾಡಿಯಲ್ಲಿ ಕೂಡ್ರಿಸಿಕೊಂಡು ಬಂದರು. ಜಗಳ ನಡೆಯಲಿಲ್ಲ. ಉಳಿದ ತಪ್ಪು, ಅಂದರೆ ಹತ್ತಿರ ಯಾರೂ ಇರಲಿಲ್ಲವೆಂಬುದು, ಎಲ್ಲಕ್ಕಿಂತ ದೊಡ್ಡದು. ಅದನ್ನು ತಿದ್ದಲೆಂದೇ ಇಷ್ಟು ಉದ್ದದ ಪತ್ರ.

ಈಗ ಕ್ಷೇಮ. ನಿಮ್ಮ ಮೊಣಕಾಲು ಹೇಗಿದೆ? ಮುಧೋಳದ ಡಾಕ್ಟರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತೀರೋ, ಅಥವಾ ದೇವರ ಮಾಡದಲ್ಲಿ ಇಟ್ಟು ನೋಡುತ್ತಿದ್ದೀರೋ? ಅಣ್ಣ ಪವರ್‌ಲೂಮಿನ ಹತ್ತಿಧೂಳಿನಲ್ಲಿ ಮೂಗಿಗೆ ಅರಿವೆ ಕಟ್ಟಿಕೊಳ್ಳದೆ ನಿಲ್ಲುತ್ತಾನೆಂದು ಅವನ ಕೆಮ್ಮೇ ನನಗೆ ಹೇಳಿತು. ಮನೆಗೆಲ್ಲ ಹಿರಿಯರಾದ ಮಾಯವ್ವತ್ತೆಯ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಎಲ್ಲರ ಲೋಪಗಳೂ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿರಬೇಕು. ಮೃಗಶಿರ ಮಳೆ ಬಂದಿತೇ? ಶ್ರೀದೇವಿಗೆ ವಾಂತಿ ನಿಂತಿದೆಯೆಂದು ಕೇಳಿ ಸಮಾಧಾನವಾಯಿತು. ಅನಗವಾಡಿಯ ಬೀಗರು ಅವಳನ್ನು ಬಸುರಿಗೆ ಮಾಡುವ ಕುಬಸಕ್ಕೆ ಶ್ರಾವಣದಲ್ಲಿ ತವರಿಗೆ ಕಳಿಸಲು ಒಪ್ಪಿದ್ದು ಅವರ ದೊಡ್ಡತನ. ನನ್ನ ಕಾಲಿನ ಪ್ಲಾಸ್ಟರು ಬಿಚ್ಚಿದ್ದಾರೆ. ಕೋಲು ಹಿಡಿದು ನಡೆಯುತ್ತೇನೆ, ಆ ಕೋಲು ತರಗತಿಯಲ್ಲಿ ಹಿಡಿಯುತ್ತಿದ್ದ ಕೋಲಿಗಿಂತ ಚೆನ್ನಾಗಿದೆ.

ಅಣ್ಣ ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಡಲಿಲ್ಲ. ಮಗ್ಗದ ಮನೆಯ ಮೇಲೆ ನನಗಾಗಿ ಕೋಣೆ ಕಟ್ಟಿಸಿದ್ದಾನೆ, ಫ್ಯಾನು ಕೂಡ್ರಿಸಿದ್ದಾನೆ, ಇನ್ನು ಆ ಊರ ಋಣ ತೀರಿತು, ಕಾಯಂ ಬಂದುಬಿಡು ಎಂದ. ಫೋನಿನಲ್ಲಿ ಇಂಥ ಮಾತಿಗೆ ಹೌದು ಎಂದರೂ ಅವಸರವಾಗುತ್ತದೆ, ಇಲ್ಲ ಎಂದರೂ ಒರಟಾಗುತ್ತದೆ. ಪತ್ರ ಬರೆಯುತ್ತೇನೆ ಎಂದೆ. ಉತ್ತರ ಅಣ್ಣನಿಗೆ ಸೇರಬೇಕಾದದ್ದೇ. ಆದರೆ ನಿಮಗೆ ಬರೆಯುತ್ತಿದ್ದೇನೆ. ಕಾರಣ ಓದುತ್ತ ಹೋದಂತೆ ತಿಳಿಯುತ್ತದೆ.

ನಮ್ಮವರು ಸಮೀರವಾಡಿಯಲ್ಲಿ ಸಕ್ಕರೆ ಪಾಕದ ಹದ ನೋಡುವ ಕೆಲಸದಿಂದ ನಿವೃತ್ತರಾದಾಗ ಈ ಕಡಲತೀರದ ಕಡೆಯ ಒಂದು ಕಾರ್ಖಾನೆಯವರು ಎರಡು ಹಂಗಾಮಿಗೆಂದು ಕರೆದದ್ದು ನಿಮಗೆ ನೆನಪಿದೆ. ಆ ಎರಡು ಹಂಗಾಮು ಹನ್ನೊಂದು ವರ್ಷವಾಯಿತು. ಅವರು ತೀರಿಕೊಂಡ ಮೇಲೂ ನಾನು ಇದೇ ಮನೆಯಲ್ಲಿ ಉಳಿದೆ. ಡಿಯಾನಿ ಎಂದರೆ ರಜೆ ಕಳೆಯುವವರ ಊರು. ಹಂಗಾಮಿನಲ್ಲಿ ಯುರೋಪಿನವರು ಬಂದು ಹಪ್ಪಳದಂತೆ ಮರಳಿನಲ್ಲಿ ಒಣಗುತ್ತಾರೆ; ಹುಡುಗರು ಅವರ ಹಿಂದೆ ದೋಣಿ, ಮಣಿಸರ, ಆನೆ ತೋರಿಸುವ ಪ್ರವಾಸ ಎಂದು ಕೂಗುತ್ತ ಓಡುತ್ತಾರೆ. ಮೊದಲ ತಿಂಗಳು ನನಗೂ ಆನೆ ತೋರಿಸಲು ಬಂದಿದ್ದರು. ಅವರ ಫಲಕದಲ್ಲಿದ್ದ ಇಂಗ್ಲಿಷನ್ನು ತಿದ್ದಿಕೊಟ್ಟೆ. ಅಂದಿನಿಂದ ನಾನು ಅವರಿಗೆ ಗಿರಾಕಿಯಲ್ಲ, 'ಮ್ವಾಲಿಮು', ಅಂದರೆ ಗುರುಗಳು. ಈಗ ಮಳೆಗಾಲ, ಹೋಟೆಲುಗಳಲ್ಲಿ ಅರ್ಧ ಮುಚ್ಚಿವೆ, ಊರು ಬೇಸಿಗೆ ರಜೆಯ ಎರಡನೆಯ ದಿನದ ಶಾಲೆಯಂತಿದೆ. ನನಗೆ ಈ ತಿಂಗಳುಗಳೇ ಹೆಚ್ಚು ಇಷ್ಟ. ಆಗ ಊರು ಊರಿನವರದಾಗಿರುತ್ತದೆ, ಆ ಲೆಕ್ಕದಲ್ಲಿ ನನ್ನದೂ.

ನಸುಕಿನಲ್ಲಿ ಮಸೀದಿಯ ಬಾಂಗು ಕೇಳಿ ಏಳುತ್ತೇನೆ. ಬನಹಟ್ಟಿಯಲ್ಲಿಯೂ ಹಾಗೆಯೇ ಏಳುತ್ತಿದ್ದೆನಲ್ಲ. ಚಹಾ ಕುಡಿದು ನೀರಿನಂಚಿಗೆ ನಡೆಯುತ್ತೇನೆ. ಎದುರಾದ ಚಿಕ್ಕವರು 'ಶಿಕಮೋ' ಎಂದು ನಮಸ್ಕರಿಸಬೇಕು, ಹಿರಿಯರು 'ಮರಹಬಾ' ಎಂದು ಸ್ವೀಕರಿಸಬೇಕು. ಹಿರಿಯರಿಗೆಂದೇ ಬೇರೆ ನಮಸ್ಕಾರವನ್ನು ಕಾದಿಟ್ಟ ಭಾಷೆಯ ಮೇಲೆ ನನಗೆ ಅಪಾರ ಗೌರವ. ಅದನ್ನು ಹೇಳದೆ ದಾಟಿ ಹೋಗುವ ಹುಡುಗನನ್ನು ಕರೆದು ನಿಲ್ಲಿಸಿ ಹೇಳಿಸುತ್ತೇನೆ. ಹನ್ನೊಂದು ಗಂಟೆಗೆ ಹೋಟೆಲಿನ ಕೆಲಸದವರು ಕೆಲವರು ಪಡಸಾಲೆಗೆ ಬಂದು ಇಂಗ್ಲಿಷ್ ಕಲಿಯುತ್ತಾರೆ. ಮಧ್ಯಾಹ್ನ ರೊಟ್ಟಿ ಬಡಿಯುತ್ತೇನೆ. ಇಲ್ಲಿಯೂ ಜೋಳ ಸಿಗುತ್ತದೆ, ಕೆಂಪು ಜೋಳ. ನಮ್ಮ ಬಿಳಿಜೋಳದ ಮೃದುತ್ವ ಬಾರದು, ಆದರೆ ಬಡಿಯುವ ಸದ್ದು ಅದೇ. ಆ ಸದ್ದಿಗೆ ಮಾವಿನ ಮರದಲ್ಲಿ ಮಂಗಗಳು ಸೇರುತ್ತವೆ. ಒಂದು ದಿನ ಒಂದು ಮಂಗ ಕಿಟಕಿಯಿಂದ ಕೈಹಾಕಿ ರೊಟ್ಟಿಯೊಂದನ್ನು ಎತ್ತಿಕೊಂಡು ಹೋಯಿತು. ಬೇಲಿಯಾಚೆ ನಿಂತು ನೋಡುತ್ತಿದ್ದ ನೆರೆಮನೆಯವಳು, "ಟೀಚರ, ಮಂಗ್ಯಾ ಒಂದ ಕಡತ ಕಡದು ತಿರುಗಿ ನಿಮ್ಮ ಗ್ವಾಡಿ ಮ್ಯಾಲ ಇಟ್ಟು ಹೊಂಟೈತಿ ನೋಡ್ರಿ" ಎಂದಳು. ಅವಳು ಆಡುವುದು ಪುಸ್ತಕದ ಸ್ವಾಹಿಲಿಯಲ್ಲ, ಊರ ಮಾತು. ಅದನ್ನು ನಮ್ಮೂರ ಮಾತಿನಲ್ಲಿ ಬರೆಯುವುದೇ ಸರಿಯಾದ ಅನುವಾದ.

ಅವಳ ಹೆಸರು ಮ್ವಾನಾಕೊಂಬೊ. ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೆ ಬಹಳ ದಿನ ಹಿಡಿಯಿತು. ನನ್ನ ಹೆಸರನ್ನು ಕಲಿಯುವ ಗೋಜಿಗೆ ಅವಳು ಹೋಗಲೇ ಇಲ್ಲ. ನನ್ನ ವಯಸ್ಸಿನವಳೇ, ಎತ್ತರದ ಹೆಂಗಸು, ಬೆಳಗ್ಗೆ ಬೀದಿಯಂಚಿನಲ್ಲಿ ಬಾಣಲೆ ಇಟ್ಟು ತೆಂಗಿನ ಹಾಲಿನಲ್ಲಿ ಕಲಸಿದ ಹಿಟ್ಟಿನ ಸಿಹಿ ಪೂರಿಯಂಥ ತಿಂಡಿ ಕರಿದು ಕೆಲಸಕ್ಕೆ ಹೋಗುವವರಿಗೆ ಮಾರುತ್ತಾಳೆ. ನಮ್ಮವರಿಗೆ ಅದು ಬಹಳ ಸೇರುತ್ತಿತ್ತು. ಅವರು ಹೋದ ಮೇಲೂ ದಿನಾ ಎರಡು ತಂದಿಡುತ್ತಾಳೆ. ಒಂದು ಸಾಕು ಎಂದು ಹೇಳಿದರೆ, ಇನ್ನೊಂದು ನಿನಗಲ್ಲ, ಅವರಿಗೆ ಎನ್ನುತ್ತಾಳೆ. ಎರಡನೆಯದನ್ನು ಮಧ್ಯಾಹ್ನದ ಚಹಾಕ್ಕೆ ನಾನೇ ತಿನ್ನುತ್ತೇನೆಂದು ಅವಳಿಗೆ ಗೊತ್ತು.

ಆ ದಿನ ನೀರು ಬಹಳ ದೂರ ಹಿಂದೆ ಸರಿದಿತ್ತು. ಕೃಷ್ಣೆಯಲ್ಲಿ ಬೇಸಿಗೆಗೆ ನೀರಿಳಿದಾಗ ಗಲಗಲಿಯ ಬಳಿ ಬಂಡೆಗಳು ಮೇಲೇಳುವುದನ್ನು ನೀವು ನೋಡಿದ್ದೀರಿ. ಇಲ್ಲಿ ಸಮುದ್ರ ಆ ಕೆಲಸವನ್ನು ದಿನವೂ ಮಾಡುತ್ತದೆ, ಮತ್ತೆ ಕೆಲವೇ ತಾಸಿನಲ್ಲಿ ತಿರುಗಿ ಬರುತ್ತದೆ. ಎಂದಿನಂತೆ ಬಂಡೆಯ ಮೇಲೆ ನಡೆಯುತ್ತಿದ್ದಾಗ ಕಾಲು ಒಂದು ಬಿರುಕಿನಲ್ಲಿ ಸಿಕ್ಕಿ ತಿರುಚಿತು. ಮೂಳೆ ಮುರಿದದ್ದು ನನಗೆ ಕೇಳಿಸಿತು, ನೂಲು ಕಡಿದದ್ದು ಮಗ್ಗದವನಿಗೆ ಕೇಳಿಸುವಂತೆ. ಎದ್ದು ನಿಲ್ಲಲಾಗಲಿಲ್ಲ. ನೀರು ತಿರುಗುವ ಹೊತ್ತು. ಹೆದರಿಕೆಯಾಯಿತು ಎಂದು ಮುಚ್ಚಿಡದೆ ಬರೆಯುತ್ತೇನೆ. ಆದರೆ ಬಂಡೆಯ ಆ ತುದಿಯಲ್ಲಿ ಜೈನಾಬು, ಮ್ವಾನಾಸಿತಿ ಎಂಬ ಅಕ್ಕತಂಗಿಯರು ಕೋಲು ಹಿಡಿದು ಬಿಲಗಳಲ್ಲಿ ಅಷ್ಟಪದಿ, ಅಂದರೆ ಎಂಟು ತೋಳಿನ ಆಕ್ಟೋಪಸ್, ಹುಡುಕುತ್ತಿದ್ದರು. ಇಲ್ಲಿ ಇದು ಹೆಂಗಸರ ಕೆಲಸ. ಅವರು ನನ್ನನ್ನು ಕಂಡು ದಡದತ್ತ ಕೂಗಿದರು, ಹಿಡಿದಿದ್ದನ್ನು ಬಿಟ್ಟು ಓಡಿ ಬಂದು ನನ್ನ ಎರಡೂ ತೋಳಿಗೆ ಹೆಗಲು ಕೊಟ್ಟರು. ಅಷ್ಟರಲ್ಲಿ ಹೆಲ್ಗಾ ತನ್ನ ನಾಯಿಯೊಂದಿಗೆ ಬಂದಳು. ಅವಳು ಜರ್ಮನಿಯವಳು, ನನಗಿಂತ ಮೊದಲೇ ಇಲ್ಲಿ ಬಂದು ನೆಲೆಸಿದವಳು, ದಿನವೂ ಎದುರಾದರೂ ನಾಯಿಯನ್ನು ಹಗ್ಗವಿಲ್ಲದೆ ಬಿಡುವ ಬಗ್ಗೆ ನಾನು ಎಚ್ಚರಿಸುವುದನ್ನು ಬಿಟ್ಟರೆ ನಮ್ಮಲ್ಲಿ ಬೇರೆ ಮಾತಿರಲಿಲ್ಲ. ತನ್ನ ಕೊರಳ ವಸ್ತ್ರ ಬಿಚ್ಚಿ ನನ್ನ ಕಾಲಿಗೆ ಬಿಗಿದಳು. ಮನೆಮನೆಗೆ ನೀರು ಮಾರುವ ಹಮೀಸಿ ಕೂಗು ಕೇಳಿ ತನ್ನ ಕೈಗಾಡಿಯಿಂದ ತುಂಬಿದ ಡಬ್ಬಿಗಳನ್ನು ದಾರಿಯಲ್ಲಿಯೇ ಇಳಿಸಿ ಗಾಡಿಯನ್ನು ಮರಳಿನ ಮೇಲೆ ಎಳೆದು ತಂದ. ನನ್ನನ್ನು ಅದರಲ್ಲಿ ಕೂಡ್ರಿಸುವ ಮೊದಲು 'ಶಿಕಮೋ' ಎಂದ. ಆ ನೋವಿನಲ್ಲಿಯೂ 'ಮರಹಬಾ' ಎಂದೆ. ಇನ್ನು ಮ್ವಾನಾಕೊಂಬೊ. ಅವಳು ಕಾದ ಎಣ್ಣೆಯ ಬಾಣಲೆಯನ್ನು ಒಲೆಯ ಮೇಲೆಯೇ ಬಿಟ್ಟು ಬರಿಗಾಲಲ್ಲಿ ಓಡಿ ಬಂದಿದ್ದಳು. ಕಾದ ಎಣ್ಣೆಯನ್ನು ಬಿಟ್ಟು ಓಡುವುದೆಂದರೇನು ಎಂಬುದು ಅಣ್ಣನಿಗೆ ತಿಳಿಯದಿದ್ದರೂ ನಿಮಗೆ ತಿಳಿಯುತ್ತದೆ. ಆಸ್ಪತ್ರೆಯವರೆಗೂ ಗಾಡಿಯ ಪಕ್ಕ ನನ್ನ ಸೆರಗು ಚಕ್ರಕ್ಕೆ ಸಿಗದಂತೆ ಹಿಡಿದುಕೊಂಡು ನಡೆದಳು. ಇದೇ, ವೈನಿ, ಹತ್ತಿರ ಯಾರೂ ಇರಲಿಲ್ಲವೆಂಬ ಆ ದಿನ.

ರಾಜಕುಮಾರ ಬಂದದ್ದು ಪ್ಲಾಸ್ಟರು ಹಾಕಿದ ಎಷ್ಟೋ ದಿನಗಳ ಮೇಲೆ. ಬಂದು ಒಳ್ಳೆಯ ಮಗನಂತೆ ನನ್ನ ಸೇವೆ ಮಾಡಿದ. ಆ ಕೃತಜ್ಞತೆಯನ್ನು ಮೇಲಿನ ತಿದ್ದುಪಡಿಗಳು ಕಡಿಮೆ ಮಾಡುವುದಿಲ್ಲ. ಅವನು ಜಗಳವೆಂದು ತಿಳಿದದ್ದು ಅವನು ಹೊರಡುವ ಹಿಂದಿನ ದಿನ ನಡೆಯಿತು. ಮ್ವಾನಾಕೊಂಬೊ ಮಧ್ಯಾಹ್ನ ಹೊಸ ಅರಿವೆ ಉಟ್ಟು ಬಂದಳು. ಕಾಯಿಲೆಯಿಂದ ಎದ್ದ ಹೆಂಗಸಿಗೆ ಅಕ್ಕಿ, ತೆಂಗಿನಕಾಯಿ, ಇಲ್ಲಿಯ ಹೆಂಗಸರು ಉಡುವ ಬಣ್ಣದ ಜೋಡಿವಸ್ತ್ರ ಕೊಡುವುದು ಅವಳ ತಾಯಿಯ ಮನೆಯ ಪದ್ಧತಿಯಂತೆ. ನಾನು ಮಂಚದ ಅಂಚಿನಲ್ಲಿ ಕಾಲು ಚಾಚಿ ಕುಳಿತಿದ್ದೆ. ಅವಳು ಎದುರು ಬಂದು, ಬಗ್ಗಿ, ಅವೆಲ್ಲವನ್ನೂ ನೇರವಾಗಿ ನನ್ನ ಉಡಿಯಲ್ಲಿ ಇಡಹೋದಳು. ನನ್ನ ಕೈಗಳು ನನ್ನನ್ನು ಕೇಳಲಿಲ್ಲ. ಸೆರಗನ್ನು ಸೆಳೆದುಕೊಂಡು, "ಬ್ಯಾಡ, ಉಡಿಯಾಗ ಹಾಕಬ್ಯಾಡ" ಎಂದೆ. ಇಷ್ಟು ವರ್ಷಗಳಲ್ಲಿ ಅವಳೊಡನೆ ನಾನು ಕನ್ನಡ ಆಡಿದ್ದು ಅದೇ ಮೊದಲು. ಮಾತು ತಿಳಿಯದಿದ್ದರೂ ಸೆಳೆದ ಸೆರಗು ಎಲ್ಲ ಭಾಷೆಯಲ್ಲಿಯೂ ತಿಳಿಯುತ್ತದೆ. ಕಾಯಿ ಉರುಳಿ ಮಂಚದ ಕೆಳಗೆ ಹೋಯಿತು, ಅಕ್ಕಿ ನೆಲದ ಮೇಲೆ ಚೆಲ್ಲಿತು. ಅವಳು ಅಕ್ಕಿಯನ್ನು ಆರಿಸಿ ಅರಿವೆಯಲ್ಲಿ ಕಟ್ಟಿಕೊಂಡು ಹೊರಟಳು. ರಾಜಕುಮಾರ ಮಂಚದ ಕೆಳಗಿಂದ ಕಾಯಿ ತೆಗೆದು ಬೇಲಿಯವರೆಗೆ ಹೋಗಿ ಕೊಟ್ಟು ಬಂದ. ಮರುದಿನ ಬೆಳಗ್ಗೆ ಅವನು ಹೊರಟಾಗ ನಮ್ಮ ಬಾಗಿಲಿಗೆ ತಿಂಡಿ ಬಂದಿರಲಿಲ್ಲ, ಒಂದೂ ಇಲ್ಲ, ಎರಡೂ ಇಲ್ಲ. ಅವನು ಕಂಡಷ್ಟನ್ನು ನಿಮಗೆ ಹೇಳಿದ್ದಾನೆ.

ಅವನು ಹೋದ ಮೇಲೆ ಹಮೀಸಿಯನ್ನು ಕಳಿಸಿ ಅವಳನ್ನು ಕರೆಸಿದೆ. ಬಂದಳು, ಬಾಗಿಲ ಹೊರಗೆ ನಿಂತಳು. ನಾನು ನನ್ನ ಶುದ್ಧ ಸ್ವಾಹಿಲಿಯಲ್ಲಿ ವಿವರಿಸಿದೆ: ನಮ್ಮಲ್ಲಿ ಹೆಣ್ಣುಮಗಳು ತವರಿನಿಂದ ಹೊರಡುವಾಗ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರೆ, ಆದರೆ ಅದು ಗಂಡನಿರುವವಳಿಗೆ ಮಾತ್ರ, ನನ್ನ ಉಡಿಗೆ ಆ ಯೋಗ್ಯತೆ ಇಲ್ಲ, ನಿನ್ನ ಕಾಣಿಕೆಯನ್ನು ತಿರಸ್ಕರಿಸಿದ್ದಲ್ಲ, ನಿನಗೆ ತಿಳಿಯದೆ ಆಗಬಾರದ್ದು ಆಗಬಾರದೆಂದು ತಡೆದೆ. ಅವಳು ಹೊಸ್ತಿಲು ದಾಟಿ ಬಂದು ನನ್ನೆದುರು ಕುಳಿತಳು. ಆಮೇಲೆ ಹೇಳಿದಳು: "ಗಂಡ ಹ್ವಾದ್ರ ಉಡಿ ಎಲ್ಲಿ ಹೋಕ್ಕೈತ್ರಿ, ಟೀಚರ? ನಾ ಇಬ್ಬರನ್ನ ಮಣ್ಣಿಗಿ ಕೊಟ್ಟೀನಿ. ಉಡಿ ಇನ್ನೂ ಇಲ್ಲೇ ಐತಿ, ಕುಂತಾಗೆಲ್ಲ ತೊಡಿ ಮ್ಯಾಲ." ನಲವತ್ತು ವರ್ಷ ಪಾಠ ಹೇಳಿದವಳಿಗೆ ಆ ವಾಕ್ಯದಲ್ಲಿ ತಿದ್ದಲು ಏನೂ ಸಿಗಲಿಲ್ಲ. ಮರುದಿನ ಅವಳು ಅಕ್ಕಿ, ಕಾಯಿಯೊಂದಿಗೆ ಉಳಿದವರನ್ನೂ ಕರೆತಂದಳು; ನಾನು ಸೆರಗು ಒಡ್ಡಿದೆ.

ಈಗ ನಿಮ್ಮ ವಿಷಯ. ಮೂರು ವರ್ಷದ ಹಿಂದೆ ನಮ್ಮವರ ಅಸ್ಥಿಯನ್ನು ಗಲಗಲಿಯ ಬಳಿ ಕೃಷ್ಣೆಯಲ್ಲಿ ಬಿಟ್ಟು ನಾನು ಬನಹಟ್ಟಿಯಿಂದ ಹೊರಟ ದಿನವೇ ಶ್ರೀದೇವಿಯೂ ಅನಗವಾಡಿಗೆ ಹೊರಟಿದ್ದಳು. ನೀವು ಅವಳ ಉಡಿ ತುಂಬಿ, ಪರಾತದಲ್ಲಿ ಉಳಿದ ಅಕ್ಕಿಗೆ ಮತ್ತೆ ಕೈ ಹಾಕಿ ನನ್ನತ್ತ ತಿರುಗಿದಿರಿ. ಮಾಯವ್ವತ್ತೆ ಕಟ್ಟೆಯ ಮೇಲಿಂದ, "ಮಧೂಗ ಬ್ಯಾಡ ಬೇ, ರೂಢಿ ಇಲ್ಲ" ಎಂದರು. ನಿಮ್ಮ ಕೈ ಅಕ್ಕಿಯಲ್ಲಿಯೇ ನಿಂತಿತು. ನಾನು ಮಗ್ಗದ ಕಡೆ ಮುಖ ತಿರುಗಿಸಿದೆ, ಅಣ್ಣ ಏನು ನೇಯುತ್ತಿದ್ದಾನೆಂದು ನೋಡುವವಳಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಯಾರೋ ಹಾಗೆಯೇ ಹೇಳಿರಬೇಕು. ಆದರೆ ಮುಂಬಯಿ ವಿಮಾನ ನಿಲ್ದಾಣದಲ್ಲಿ ಏನಾಯಿತೆಂದು ನಿಮಗೆ ಎಂದೂ ಹೇಳಲಿಲ್ಲ. ನನ್ನ ಕೈಚೀಲದಲ್ಲಿ ತೆಂಗಿನಕಾಯಿ ಇರುವುದು ನನಗಿಂತ ಮೊದಲು ಅಲ್ಲಿಯ ಯಂತ್ರಕ್ಕೆ ತಿಳಿಯಿತು. ಅಧಿಕಾರಿ ಚೀಲ ಬಿಚ್ಚಿಸಿದ. ಶಾಲಿನ ಕೆಳಗೆ ಒಂದು ಕಾಯಿ, ಒಂದು ಗುಳೇದಗುಡ್ಡದ ಖಣ, ಅರಿವೆಯಲ್ಲಿ ಕಟ್ಟಿದ ಅಕ್ಕಿ. ಎಳೆ ಕಡಿದಾಗ ಹಾಕುವ ಗಂಟನ್ನೇ ನೀವು ಅರಿವೆಗೂ ಹಾಕುತ್ತೀರಿ. ಕೈ ಯಾರದೆಂದು ಕೇಳಬೇಕಾಗಲಿಲ್ಲ. ಕಾಯಿಯನ್ನು ಒಯ್ಯಲು ಬರುವುದಿಲ್ಲವೆಂದು ಅವನು ನಿಯಮ ಹೇಳಿದ. ವಾದಿಸಬೇಕೆಂದಿದ್ದೆ, ಆದರೆ ನಿಯಮ ಅವನ ಕಡೆಗಿತ್ತು. ಕಾಯಿ ಅಲ್ಲಿಯೇ ಉಳಿಯಿತು. ಇಲ್ಲಿಗೆ ಮರಳಿದ ಮೇಲೆ ಆ ಅಕ್ಕಿಯಿಂದಲೇ ಮೊದಲ ಅನ್ನ ಮಾಡಿದೆ. ಖಣವನ್ನು ಹೊಲಿಸಲಿಲ್ಲ, ಪೆಟ್ಟಿಗೆಯ ತಳದಲ್ಲಿ ಇಟ್ಟೆ. ಎಲ್ಲರ ಕಣ್ಣು ತಪ್ಪಿಸಿ ನೀವು ಅದನ್ನು ಯಾವಾಗ ಇಟ್ಟಿರೋ, ಇಂದಿಗೂ ತಿಳಿಯದು. ನನ್ನ ಬದುಕಿನಲ್ಲಿ ನಾನು ಋಣಿಯಾಗಿರುವ ಕೈಗಳಲ್ಲಿ ಆ ಕೈ ಮೊದಲನೆಯದು.

ಆದ್ದರಿಂದ ಅಣ್ಣನಿಗೆ ಹೀಗೆ ಹೇಳಿ. ಕೋಣೆ ಕಟ್ಟಿಸಿದ ಅವನ ಪ್ರೀತಿ ದೊಡ್ಡದು, ಆದರೆ ನಾನು ಕಾಯಂ ಇರಲು ಬರುವುದಿಲ್ಲ. ಇಲ್ಲಿ ನನಗೆ ಮನೆಯಿದೆ, ಕೆಲಸವಿದೆ, ಬಾಣಲೆ ಬಿಟ್ಟು ಓಡಿ ಬರುವವರಿದ್ದಾರೆ. ಆ ಕೋಣೆಯನ್ನು ಶ್ರೀದೇವಿಯ ಬಾಣಂತನಕ್ಕೆ ಕೊಡಿ. ಕೂಸಿನ ನಿದ್ದೆಗೆ ಮಗ್ಗದ ಸದ್ದು ಅಡ್ಡಿಯಾದೀತೆಂದು ಅಂಜಬೇಡಿ, ನಾವೆಲ್ಲ ಆ ಸದ್ದಿನಲ್ಲಿಯೇ ಮಲಗಿ ಬೆಳೆದವರು. ಶ್ರಾವಣದಲ್ಲಿ ಕುಬಸಕ್ಕೆ ಖಂಡಿತ ಬರುತ್ತೇನೆ. ಹೆಣ್ಣುಮಕ್ಕಳು ತವರಿಗೆ ಬಂದು ಹೋಗುವಂತೆ, ಬಂದು ಹೋಗುತ್ತೇನೆ.

ಅಣ್ಣನಿಗೂ ಮಾಯವ್ವತ್ತೆಗೂ ನನ್ನ ನಮಸ್ಕಾರ. ಶ್ರೀದೇವಿಗೆ ಸುಖಪ್ರಸವವಾಗಲಿ, ಹುಟ್ಟುವ ಕೂಸು ಸ್ಪಷ್ಟವಾಗಿ ಮಾತಾಡಲಿ. ರಾಜಕುಮಾರನಿಗೆ ಆಶೀರ್ವಾದ, ಈ ಪತ್ರವನ್ನು ಮನೆಯವರಿಗೆಲ್ಲ ಅವನೇ ಗಟ್ಟಿಯಾಗಿ ಓದಿ ಹೇಳಲಿ.

ನಿಮ್ಮ ಪ್ರೀತಿಯ
ಮಧುಮತಿ

ತಾ.ಕ. ಪತ್ರ ಒಯ್ಯಲು ಹಮೀಸಿ ಬಾಗಿಲಲ್ಲಿ ನಿಂತಿದ್ದಾನೆ, ಆದ್ದರಿಂದ ಚುಟುಕಾಗಿ. ಕುಬಸ ಮುಗಿಸಿ ನಾನು ಹೊರಡುವಾಗ ಕೈಚೀಲದಲ್ಲಿ ಏನನ್ನೂ ಮುಚ್ಚಿಡಬೇಡಿ, ಮುಂಬಯಿಯಲ್ಲಿ ತೆಗೆದುಬಿಡುತ್ತಾರೆ. ಹೋಗಲು ಮನೆಯಿರುವ ಮಗಳಿಗೆ ತವರು ಉಡಿ ತುಂಬುತ್ತದೆ, ನನಗೆ ಮನೆಯಿದೆ. ಪಡಸಾಲೆಯಲ್ಲಿ ಮಣೆ ಹಾಕಿ ಕೂಡ್ರಿಸಿ, ಎಲ್ಲರೆದುರು ನಿಮ್ಮ ಕೈಯಿಂದಲೇ ನನ್ನ ಉಡಿ ತುಂಬಿ, ವೈನಿ. ಕಾಯಿಯನ್ನು ಅಲ್ಲಿಯೇ ಒಡೆದು ಎಲ್ಲರೂ ತಿನ್ನೋಣ. ಇದನ್ನು ನಾನು ಯಾರಲ್ಲಿಯೂ ಕೇಳಿದವಳಲ್ಲ, ನಿಮ್ಮಲ್ಲಿ ಕೇಳುತ್ತಿದ್ದೇನೆ. ಮಾಯವ್ವತ್ತೆ ರೂಢಿ ಇಲ್ಲ ಎಂದರೆ, ರೂಢಿ ಡಿಯಾನಿಯಲ್ಲಿ ಆರಂಭವಾಗಿದೆ ಎಂದು ಹೇಳಿ. ಯಾರು ಯಾರಿದ್ದರು ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಈ ಹೆಸರುಗಳನ್ನು ಓದಿ: ಉಡಿ ತುಂಬಿದ ಮ್ವಾನಾಕೊಂಬೊ. ಅಕ್ಕಿ ಹಿಡಿದು ನಿಂತ ಅವಳ ಮಗಳು ಜಮೀಲಾ. ಅಷ್ಟಪದಿ ಹಿಡಿಯುವ ಅಕ್ಕತಂಗಿಯರಾದ ಜೈನಾಬು, ಮ್ವಾನಾಸಿತಿ. ಯಾವ ಕೈ ಮುಂದೆ ಮಾಡಬೇಕೆಂದು ತಿಳಿಯದೆ ಎರಡೂ ಕೈ ಮುಂದೆ ಮಾಡಿದ ಹೆಲ್ಗಾ. ಹೆಂಗಸರ ಕೆಲಸವೆಂದು ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತ ಹಮೀಸಿ. ಮತ್ತು ಬನಹಟ್ಟಿಯ ಲಕ್ಷ್ಮವ್ವ, ಏಕೆಂದರೆ ಅಂದು ಪೆಟ್ಟಿಗೆಯಿಂದ ತೆಗೆಸಿ ನನ್ನ ಉಡಿಗೆ ಹಾಕಿಸಿಕೊಂಡ ಖಣ ನಿಮ್ಮದು.